ತೂಕದ ಮೆಷಿನ್ ಅಲುಗುತ್ತಿಲ್ಲವೇ? ಬ್ಯಾರಿಯಾಟ್ರಿಕ್ ಸರ್ಜರಿಗೆ ಮೊದಲಿನ ವಾರಗಳಿಗೊಂದು ಮಾರ್ಗದರ್ಶಿ

ಮೂರನೇ ವಾರ ಮುಗಿದ ಸೋಮವಾರ ಬೆಳಿಗ್ಗೆ ಮೆಷಿನ್ 109.3 ಎಂದು ತೋರಿಸಿತು. ಹಿಂದಿನ ಸೋಮವಾರ 109.1 ಇತ್ತು. ಏಳು ದಿನ ಚಹಾಕ್ಕೆ ಸಕ್ಕರೆ ಹಾಕಿಲ್ಲ, ರಾತ್ರಿ ಅನ್ನ ಮುಟ್ಟಿಲ್ಲ, ಆದರೂ 200 ಗ್ರಾಂ ಜಾಸ್ತಿ. ಮೆಷಿನ್ ಹಾಳಾಗಿರಬೇಕೆಂದು ಹತ್ತು ಕಿಲೋ ಕುಚ್ಚಿಲಕ್ಕಿಯ ಚೀಲ ಇಟ್ಟು ನೋಡಿದೆ. ಸರಿಯಾಗಿ ಹತ್ತೇ ತೋರಿಸಿತು. ಅಲ್ಲೇ ಬಚ್ಚಲಿನ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ತೂಕ ಇಳಿಸಲು ಜಠರವನ್ನು ಸಣ್ಣದು ಮಾಡುವ ಈ ಬ್ಯಾರಿಯಾಟ್ರಿಕ್ ಆಪರೇಷನ್ ಮಂಗಳೂರಿನಲ್ಲಿ. ನಾಲ್ಕು ವಾರದಲ್ಲಿ ಐದು ಕಿಲೋ ಇಳಿಸಿ ಎಂದು ಸರ್ಜನ್ ಹೇಳಿದ್ದರು. ನಾನು ಶುರು ಮಾಡಿದ್ದು 112ರಲ್ಲಿ. ಉಳಿದದ್ದು ಒಂದೇ ವಾರ. ಇಳಿದದ್ದು ಮೂರು ಕಿಲೋಕ್ಕೂ ಕಡಿಮೆ.

ಆಮೇಲೆ ಆಪರೇಷನ್ ಆಯಿತು. ಈಗ ಇದೇ ಚಿಂತೆಯಲ್ಲಿರುವವರು ಯಾರದ್ದೋ ಮೂಲಕ ನಂಬರ್ ಹುಡುಕಿ ನನಗೆ ಫೋನ್ ಮಾಡುತ್ತಾರೆ. ಎಲ್ಲರಿಗೂ ಅದೇ ಮಾತು ಹೇಳಿ ಹೇಳಿ ಸಾಕಾಗಿ ಬರೆದಿಟ್ಟದ್ದು ಇದು. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮೇಲೆ. ನಾನು ಡಾಕ್ಟರ್ ಅಲ್ಲ.

ಮೊದಲ ಕೆಲಸ: ಐದು ಕಿಲೋ ಯಾತಕ್ಕೆ ಎಂದು ತಿಳಿದುಕೊಳ್ಳಿ

ಇದೊಂದು ಪರೀಕ್ಷೆ ಅಂತ ನಾನು ಅಂದುಕೊಂಡಿದ್ದೆ. ಇಳಿಸಿದರೆ ಪಾಸು, ಇಲ್ಲದಿದ್ದರೆ ಫೇಲು. ಇವಳಿಗೆ ಬಾಯಿ ಕಟ್ಟಲು ಆಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದಾರೆ ಅಂತ. ನಿಜವಾದ ಕಾರಣ ಬೇರೆಯೇ ಉಂಟು, ಅದು ಹೊಟ್ಟೆಯೊಳಗೆ ಉಂಟು.

ಲಿವರಿನ ಎಡಭಾಗ ಜಠರದ ಮೇಲೆ ಮುಚ್ಚಳದ ಹಾಗೆ ಮಲಗಿರುತ್ತದೆ. ಕೀಹೋಲ್ ಸರ್ಜರಿಯಲ್ಲಿ ಸಣ್ಣ ಸಣ್ಣ ತೂತುಗಳಿಂದ ಉಪಕರಣ ಹಾಕಿ ಆ ಭಾಗವನ್ನು ಎತ್ತಿ ಹಿಡಿಯಬೇಕು. ಆಗಲೇ ಕೆಳಗಿರುವ ಜಠರ ಕಾಣುವುದು. ತೂಕ ಜಾಸ್ತಿ ಇರುವ ನಮ್ಮಂಥವರ ಲಿವರಿನಲ್ಲಿ ಹೆಚ್ಚಾಗಿ ಕೊಬ್ಬು ತುಂಬಿರುತ್ತದೆ. ದೊಡ್ಡದಾಗಿ, ಭಾರವಾಗಿ, ಕೈ ತಾಗಿದರೆ ಒಡೆಯುವ ಹಾಗಿರುತ್ತದೆ. ಎತ್ತುವಾಗ ಸೀಳಿದರೆ ರಕ್ತ ಸುರಿಯುತ್ತದೆ. ಜಾಗವೇ ಕಾಣದಿದ್ದರೆ ಹೊಟ್ಟೆ ಕೊಯ್ದೇ ಮಾಡಬೇಕಾಗಬಹುದು, ಇಲ್ಲವೇ ಅರ್ಧಕ್ಕೆ ನಿಲ್ಲಿಸಬೇಕಾಗಬಹುದು. ಊಟದಲ್ಲಿ ಕ್ಯಾಲೊರಿ, ಅದರಲ್ಲೂ ಅಕ್ಕಿ ಸಕ್ಕರೆಯಂಥದ್ದು ಕಡಿಮೆಯಾದ ಕೂಡಲೇ ಶರೀರ ಲಿವರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡತೊಡಗುತ್ತದೆ. ಲಿವರ್ ಕುಗ್ಗುತ್ತದೆ. ಡಾಕ್ಟರಿಗೆ ಬೇಕಾದ್ದು ಅದು.

ಈಗ ಮುಖ್ಯ ವಿಷಯ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 32 ಜನರಿಗೆ 12 ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ನಡುನಡುವೆ ಸ್ಕ್ಯಾನ್ ಮಾಡುತ್ತಾ ಹೋದರು. ಲಿವರ್ ಸರಾಸರಿ ಶೇ. 19ರಷ್ಟು ಸಣ್ಣದಾಯಿತು. ಆ ಇಳಿಕೆಯಲ್ಲಿ ಶೇ. 80 ಆದದ್ದು ಮೊದಲ ಎರಡು ವಾರಗಳಲ್ಲೇ! ಅಂದರೆ ನಾನು ಬಚ್ಚಲಿನ ಬಾಗಿಲಲ್ಲಿ ಕೂತು ಅಳುತ್ತಿದ್ದಾಗ ಒಳಗಿನ ಕೆಲಸ ಬಹುಪಾಲು ಮುಗಿದಿತ್ತು. ಮೆಷಿನಿಗೆ ಅದು ಗೊತ್ತಿಲ್ಲ. ಲಿವರನ್ನು ಬೇರೆಯಾಗಿ ತೂಗುವ ಮೆಷಿನ್ ಬಚ್ಚಲಲ್ಲಿ ಇರುವುದಿಲ್ಲವಲ್ಲ.

ಹಾಗಾಗಿ ಹೆಚ್ಚಿನ ಕಡೆ ಸರ್ಜರಿಗೆ ಮೊದಲಿನ ಎರಡರಿಂದ ನಾಲ್ಕು ವಾರ ಕಟ್ಟುನಿಟ್ಟಿನ ಪಥ್ಯ ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 800ರಿಂದ 1,200 ಕ್ಯಾಲೊರಿ. ನಿಮ್ಮ ಗುರಿ ಆ ಪಥ್ಯವನ್ನು ಸರಿಯಾಗಿ ಮಾಡುವುದು. ಕಿಲೋ ಎಂಬುದು ಅದರ ನೆರಳು ಮಾತ್ರ.

ಎರಡನೆಯದು: ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ

ನನ್ನ ಅರ್ಧ ಸಂಕಟ ಕೇಳದೆ ಇದ್ದುದರಿಂದ ಬಂದದ್ದು. ಕೊನೆಗೆ ಧೈರ್ಯ ಮಾಡಿ ಡಯಟೀಶಿಯನ್‌ಗೆ ಫೋನ್ ಮಾಡಿದೆ.

"ಮೇಡಂ, ಐದು ಕಿಲೋ ಆಗ್ಲಿಲ್ಲಾಂದ್ರೆ ಆಪರೇಷನ್ ಕ್ಯಾನ್ಸಲಾ?"

"ಕ್ಯಾನ್ಸಲ್ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ..."

"ಮತ್ತೆ? ನೀವು ಮೊನ್ನೆ ಎಂತ ತಿಂದಿದ್ದು, ಅದು ಹೇಳಿ ಮೊದಲು."

ಮೊದಲ ಭೇಟಿಯಲ್ಲೇ ಇಷ್ಟು ಕೇಳಿಬಿಡಿ. ಇಷ್ಟು ಇಳಿಯಲೇಬೇಕು ಎಂಬ ನಿಯಮ ಉಂಟಾ, ಅಥವಾ ಇಳಿದರೆ ಒಳ್ಳೆಯದು ಎಂಬ ಲೆಕ್ಕವಾ? ಯಾವ ದಿನದ ತೂಕ, ಯಾವ ಮೆಷಿನ್ನಿನ ತೂಕ ಲೆಕ್ಕಕ್ಕೆ? ಇಳಿಯದಿದ್ದರೆ ಮುಂದೆ ಏನು, ದಿನ ಮುಂದೂಡುತ್ತೀರಾ, ಪಥ್ಯ ಬದಲಾಯಿಸುತ್ತೀರಾ? ಮಧ್ಯದಲ್ಲಿ ಸಂಶಯ ಬಂದರೆ ಯಾರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ಫೈಲಿನ ಹಿಂದೆಯೇ ಬರೆದಿಡಿ. ಕುಂಬಳೆಯಲ್ಲಿ ಬಸ್ ಇಳಿಯುವಾಗಲೇ ಅರ್ಧ ಮರೆತುಹೋಗಿರುತ್ತದೆ.

ಇನ್ಶೂರೆನ್ಸ್ ಇರುವವರಿಗೆ ಇನ್ನೊಂದು ಮಾತು. ನಮ್ಮ ದೇಶದ ಹೆಚ್ಚಿನ ಪಾಲಿಸಿಗಳಲ್ಲಿ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಹೇಳಿದ ಷರತ್ತು ಇರುತ್ತದೆ. ವಯಸ್ಸು 18 ದಾಟಿರಬೇಕು. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) 40 ಅಥವಾ ಹೆಚ್ಚು ಇರಬೇಕು. ಇಲ್ಲವೇ 35 ಅಥವಾ ಹೆಚ್ಚು ಇದ್ದು, ಜತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ನಡುನಡುವೆ ಉಸಿರು ನಿಲ್ಲುವ ತೊಂದರೆ), ಹೃದಯದ ಕಾಯಿಲೆ ಇಂಥದ್ದೊಂದು ಇರಬೇಕು. ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗಲಿಲ್ಲ ಎಂಬುದೂ ಬೇಕು. ಏಷ್ಯಾದವರಿಗೆ 27.5ರಿಂದಲೇ ಸರ್ಜರಿ ಕೊಡಬಹುದೆಂದು 2022ರಲ್ಲಿ ಅಂತಾರಾಷ್ಟ್ರೀಯ ಸರ್ಜನ್ನರ ಸಂಘಗಳು ಹೇಳಿವೆ. ಪಾಲಿಸಿಯ ಷರತ್ತು ಮಾತ್ರ ಹಳೆಯ ಲೆಕ್ಕದಲ್ಲೇ ಉಂಟು. ಹಾಗಾಗಿ ಕೆಲವರಿಗೆ ಉಲ್ಟಾ ಚಿಂತೆ: "ನನ್ನದು 36. ಪಥ್ಯ ಮಾಡಿ 34 ಆದರೆ ಹಣ ಸಿಗ್ತದಾ?" ಇದನ್ನು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಮೊದಲೇ ಕೇಳಿ. ಮೊದಲ ಭೇಟಿಯ ದಿನದ ಎತ್ತರ, ತೂಕ, ಬಿಎಂಐ ಡಾಕ್ಟರ ಚೀಟಿಯಲ್ಲಿ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿ. ಹಣ ಸಿಗಲಿ ಎಂದು ಪಥ್ಯ ಬಿಡುವ ಕೆಲಸ ಮಾತ್ರ ಬೇಡ.

ಅಂದಹಾಗೆ, ತೂಕ ಇಳಿಸಲೇಬೇಕೆಂದು ಇನ್ಶೂರೆನ್ಸ್ ಕಂಪನಿಗಳು ಹಠ ಹಿಡಿಯುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಅಮೆರಿಕದ ಬ್ಯಾರಿಯಾಟ್ರಿಕ್ ಸರ್ಜನ್ನರ ಸಂಘ 2016ರಲ್ಲೇ ಹೇಳಿದೆ. ಲಿವರ್ ಕುಗ್ಗಿಸುವ ಪಥ್ಯ ಬೇರೆ, ಇಷ್ಟು ಕಿಲೋ ಆಗಲೇಬೇಕೆಂಬ ಹಠ ಬೇರೆ. ಎರಡನ್ನೂ ಕಲಸಿಕೊಂಡು ನಾನು ಕೆಟ್ಟೆ.

ಮೂರನೆಯದು: ತೂಗುವ ಕ್ರಮ ಸರಿಮಾಡಿ, ಲೆಕ್ಕ ಹಾಕಿ

ಮೊದಲ ವಾರ ನನಗೆ 2.6 ಕಿಲೋ ಇಳಿಯಿತು. ಅಬ್ಬಾ, ಹೀಗೇ ಹೋದರೆ ಹತ್ತು ಕಿಲೋ ಅಂತ ಮನಸ್ಸಲ್ಲೇ ಮಂಡಿಗೆ ತಿಂದೆ. ಎರಡನೇ ವಾರ 300 ಗ್ರಾಂ. ಮೂರನೇ ವಾರ ವಾಪಸ್ 200 ಗ್ರಾಂ ಹತ್ತಿತು. ಇದು ನನ್ನೊಬ್ಬಳ ಕಥೆಯಲ್ಲ, ಹೆಚ್ಚುಕಡಿಮೆ ಎಲ್ಲರದ್ದೂ ಇದೇ. ಕಾರಣ ನೀರು.

ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು ಅರ್ಧ ಕಿಲೋ ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಥ್ಯ ಶುರುವಾದ ನಾಲ್ಕೈದು ದಿನದಲ್ಲಿ ಈ ದಾಸ್ತಾನು ಕರಗಿ ನೀರೂ ಹೋಗುತ್ತದೆ. ಎರಡು ಕಿಲೋ ಹೀಗೇ ಹೋಯಿತು. ಆಮೇಲೆ ಉಳಿಯುವುದು ಕೊಬ್ಬು. ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ನಿಮ್ಮ ಶರೀರಕ್ಕೆ ದಿನಕ್ಕೆ 2,000 ಬೇಕು, ನೀವು 1,000 ತಿನ್ನುತ್ತೀರಿ ಎಂದಿಟ್ಟುಕೊಳ್ಳಿ. ದಿನಕ್ಕೆ 1,000ದ ಕೊರತೆ, ವಾರಕ್ಕೆ 7,000. ಅಂದರೆ ವಾರಕ್ಕೆ 900 ಗ್ರಾಂ. ಪಥ್ಯವನ್ನು ಚಾಚೂ ತಪ್ಪದೆ ಮಾಡಿದರೂ ಅಷ್ಟೇ! ನಾನು ನಿರೀಕ್ಷೆ ಮಾಡಿದ್ದು ವಾರಕ್ಕೆ ಎರಡೂವರೆ ಕಿಲೋ. ತಪ್ಪು ಶರೀರದ್ದಲ್ಲ, ನನ್ನ ಲೆಕ್ಕದ್ದು.

ಈ 900 ಗ್ರಾಂ ಕೂಡ ಮೆಷಿನಿನಲ್ಲಿ ನೇರವಾಗಿ ಕಾಣುವುದಿಲ್ಲ. ಬೆಳಿಗ್ಗೆಗೂ ರಾತ್ರಿಗೂ ಒಂದೆರಡು ಕಿಲೋ ವ್ಯತ್ಯಾಸ ಆರಾಮವಾಗಿ ಬರುತ್ತದೆ. ಮುಟ್ಟಿನ ಮೊದಲು ನೀರು ನಿಲ್ಲುತ್ತದೆ. ಮಲಬದ್ಧತೆ ಇದ್ದರೆ ಅದರ ಭಾರವೇ ಬೇರೆ, ಅನ್ನ ಕಡಿಮೆ ಮಾಡಿದ ಹೆಚ್ಚಿನವರಿಗೆ ಅದು ಬಂದೇ ಬರುತ್ತದೆ. ಉಪ್ಪು ಜಾಸ್ತಿ ತಿಂದರೂ ನೀರು ನಿಲ್ಲುತ್ತದೆ.

ಉಪ್ಪು ಅಂದಾಗ ನನ್ನ ಮೂರನೇ ವಾರದ ಗುಟ್ಟು ಹೇಳಬೇಕು. ಡಯಟೀಶಿಯನ್ "ಮೊನ್ನೆ ಎಂತ ತಿಂದಿದ್ದು" ಎಂದು ಕೇಳಿದಾಗ ಹೊರಬಂದದ್ದು. ಮಳೆಗಾಲ ಅಲ್ವಾ, ಅಮ್ಮ ಭರಣಿಯಿಂದ ಉಪ್ಪುಸೊಳೆ ತೆಗೆದು ಪಲ್ಯ ಮಾಡಿದ್ದರು. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಲ್ಲಿ ಮುಳುಗಿಸಿಟ್ಟದ್ದು. ಎರಡು ನೀರಿನಲ್ಲಿ ನೆನೆಹಾಕಿ ಹಿಂಡಿದರೂ ನಾಲಗೆಗೆ ಉಪ್ಪು ತಾಗುತ್ತದೆ. ತರಕಾರಿ ತಾನೇ ಅಂತ ಶನಿವಾರ, ಭಾನುವಾರ ಎರಡೂ ದಿನ ಒಂದೊಂದು ಬಟ್ಟಲು ತಿಂದೆ. ಜತೆಗೆ ಗಂಜಿಗೆ ಮಿಡಿ ಉಪ್ಪಿನಕಾಯಿ. ಸೋಮವಾರ 200 ಗ್ರಾಂ ಜಾಸ್ತಿ. ಅದು ಕೊಬ್ಬಲ್ಲ, ಭರಣಿಯ ಉಪ್ಪು ಹಿಡಿದಿಟ್ಟ ನೀರು. ಮೀನು ತಿನ್ನುವ ಮನೆಯವರಿಗೆ ಒಣಮೀನು ಚಟ್ನಿಯಲ್ಲಿ ಇದೇ ಕಥೆ.

ಹಾಗಾಗಿ ತೂಗುವುದು ಹೀಗೆ. ವಾರಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದು, ಚಹಾ ಕುಡಿಯುವ ಮೊದಲು. ಅದೇ ನೈಟಿ ಅಥವಾ ಅದೇ ಲುಂಗಿ. ಮೆಷಿನ್ ಗಟ್ಟಿಯಾದ ಟೈಲ್ಸಿನ ಮೇಲಿರಲಿ. ಚಾಪೆಯ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಆಸ್ಪತ್ರೆಯ ಮೆಷಿನಿಗೂ ಮನೆಯದ್ದಕ್ಕೂ ಹೋಲಿಸಬೇಡಿ. ನನಗೆ ಅಲ್ಲಿ ಯಾವಾಗಲೂ 600 ಗ್ರಾಂ ಜಾಸ್ತಿ ಬರುತ್ತಿತ್ತು. ಸೀರೆ, ಬಳೆ, ಬೆಳಿಗ್ಗೆಯ ತಿಂಡಿ, ಎಲ್ಲ ಸೇರಿ. ಜತೆಗೆ ಒಂದು ಟೇಪು ತೆಗೆದುಕೊಂಡು ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ ಅಳೆದು ಬರೆದಿಡಿ. ಮೂರನೇ ವಾರ ತೂಕ ನಿಂತಿದ್ದಾಗಲೂ ನನ್ನ ಸುತ್ತಳತೆ ಮೊದಲಿಗಿಂತ ನಾಲ್ಕು ಸೆಂಟಿಮೀಟರ್ ಕಡಿಮೆ ಇತ್ತು.

ನಾಲ್ಕನೆಯದು: ಮೂರು ದಿನದ ಊಟವನ್ನು ಇದ್ದ ಹಾಗೆ ಬರೆಯಿರಿ

ಎಲ್ಲ ಲೆಕ್ಕ ಸರಿ ಇದ್ದೂ ಎರಡು ವಾರ ಸತತ ಇಳಿಯದಿದ್ದರೆ ಎಲ್ಲೋ ಸೋರಿಕೆ ಉಂಟು. ಅಡುಗೆಮನೆಯಲ್ಲಿ ಹುಡುಕಬೇಕು. ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ರುಚಿ ನೋಡಿದ ಸೌಟನ್ನೂ, ಮಗು ಬಿಟ್ಟ ದೋಸೆಯ ತುಂಡನ್ನೂ.

ನಮ್ಮ ಕಡೆ ಮೊದಲ ಕಳ್ಳ ತೆಂಗಿನಕಾಯಿ. 100 ಗ್ರಾಂ ಹಸಿ ಕಾಯಿತುರಿಯಲ್ಲಿ 350 ಕ್ಯಾಲೊರಿ. ಬೆಂದಿಗೆ, ಅಂದರೆ ನಮ್ಮ ಸಾಂಬಾರಿಗೆ, ಕಾಯಿ ಅರೆಯಬೇಕು, ಪಲ್ಯಕ್ಕೆ ತುರಿ ಉದುರಿಸಬೇಕು, ಚಟ್ನಿ ಬೇರೆ, ನೀರುದೋಸೆಗೆ ಕಾಯಿಬೆಲ್ಲ ಬೇರೆ. ಮೇಲಿಂದ ತೆಂಗಿನೆಣ್ಣೆಯ ಒಗ್ಗರಣೆ, ದೊಡ್ಡ ಚಮಚಕ್ಕೆ 120 ಕ್ಯಾಲೊರಿ. "ನಾನು ಬರೀ ತರಕಾರಿ ತಿಂದದ್ದು" ಎನ್ನುವವರ ಬಟ್ಟಲಿನಲ್ಲಿ ಅರ್ಧ ಕಾಯಿ ಇರುತ್ತದೆ. ನಮ್ಮ ಮನೆಯಲ್ಲಿ ನನ್ನ ಪಾಲಿನ ತರಕಾರಿಯನ್ನು ಮಸಾಲೆ ಹಾಕುವ ಮೊದಲೇ ಬೇರೆ ತೆಗೆದಿಡುವುದು ಎಂದಾಯಿತು. ಅಮ್ಮನಿಗೆ ಅದು ಸರಿಕಾಣಲಿಲ್ಲ. "ಕಾಯಿ ಇಲ್ಲದ್ದು ಎಂತ ಅಡಿಗೆ ಮಾರಾಯ್ತಿ, ದನಕ್ಕೆ ಬೇಯ್ಸಿದ ಹಾಗೆ" ಅಂದರು. ಅಂದುಕೊಳ್ಳಲಿ.

ಎರಡನೆಯದು ಗಂಜಿ. ನೀರು ನೀರಾಗಿ ಇರುವುದರಿಂದ ಅದು ಪಥ್ಯದ ಊಟ ಅಂತ ನಮ್ಮ ನಂಬಿಕೆ. ಜ್ವರಕ್ಕೆ ಸರಿ. ಇಲ್ಲಿ ಅಲ್ಲ. ಕುಚ್ಚಿಲಕ್ಕಿಯಾದರೂ ಅಕ್ಕಿ ಅಕ್ಕಿಯೇ. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, ಎಷ್ಟು ನೀರು ಹೊಯ್ದರೂ ಅದು ಕಡಿಮೆಯಾಗುವುದಿಲ್ಲ.

ಮೂರನೆಯದು ಚಹಾ. ಎರಡು ಚಮಚ ಸಕ್ಕರೆಗೆ 40 ಕ್ಯಾಲೊರಿ. ದಿನಕ್ಕೆ ಐದು ಸಲ ಕುಡಿದರೆ 200, ಹಾಲು ಬೇರೆ. ಬಂದವರಿಗೆಲ್ಲ ಚಹಾ ಮಾಡಿ ಜತೆಗೆ ನಾವೂ ಅರ್ಧ ಲೋಟ ಕುಡಿಯುವ ಅಭ್ಯಾಸ ಇದೆಯಲ್ಲ, ಅದನ್ನೂ ಬರೆಯಿರಿ. ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ, ಇವು ಮನೆಯಲ್ಲಿ ಮಾಡಿದ್ದೆಂದು ಶರೀರ ರಿಯಾಯಿತಿ ಕೊಡುವುದಿಲ್ಲ.

ನಮ್ಮ ಊರಿನ ಅಡುಗೆಯಲ್ಲಿ ಪಥ್ಯಕ್ಕೆ ಹೊಂದುವುದು ಬೇಕಾದಷ್ಟು ಉಂಟು. ಪುನರ್ಪುಳಿ ಸಾರು ಬೆಲ್ಲ ಹಾಕದೆ ಮಾಡಿದರೆ ಹಸಿವೆಯ ಹೊತ್ತಿಗೆ ಒಂದು ದೊಡ್ಡ ಲೋಟ ಕುಡಿಯಬಹುದು. ಕಾಯಿ ಇಲ್ಲದ ಹುರುಳಿ ಸಾರು. ಒಂದೆಲಗ, ಸಾಂಬ್ರಾಣಿ ಸೊಪ್ಪಿನ ತಂಬುಳಿ, ಕಾಯಿ ಬಿಟ್ಟು ಮಜ್ಜಿಗೆ ಜಾಸ್ತಿ ಹಾಕಿ. ಹರಿವೆ, ಬಸಳೆ, ತೊಂಡೆಕಾಯಿ, ಬಾಳೆದಿಂಡು. ಬಾಳೆದಿಂಡಿಗೆ ನಾರು ಜಾಸ್ತಿ, ಮಲಬದ್ಧತೆಗೂ ಆಯಿತು. ಕೆಲವು ಡಾಕ್ಟರು ಕೊನೆಯ ವಾರ ಬರೀ ದ್ರವ ಆಹಾರ ಕೊಡುತ್ತಾರೆ. ಆಗ ಇವನ್ನು ಸೋಸಿ ಕುಡಿಯಬೇಕೋ, ಬಿಡಬೇಕೋ ಕೇಳಿಕೊಳ್ಳಿ.

ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ. ದಿನಕ್ಕೆ 60ರಿಂದ 80 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಕಿಡ್ನಿ ತೊಂದರೆ ಇರುವವರಿಗೆ ಬೇರೆ. ಇದು ಕಡಿಮೆಯಾದರೆ ಕೊಬ್ಬಿನ ಬದಲು ಸ್ನಾಯು ಕರಗುತ್ತದೆ, ಗಾಯ ಮಾಯಲೂ ತಡ. ಮೀನು ತಿನ್ನುವವರಿಗೆ ಸುಲಭ. 100 ಗ್ರಾಂ ಬಂಗುಡೆ ಮಾಂಸದಲ್ಲಿ ಸುಮಾರು 20 ಗ್ರಾಂ ಸಿಗುತ್ತದೆ. ಗಸಿ ಬೇಡ, ಎಣ್ಣೆಯಲ್ಲಿ ಹುರಿಯುವುದೂ ಬೇಡ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿ. ಒಂದು ಮೊಟ್ಟೆಗೆ ಆರು ಗ್ರಾಂ. ನಮ್ಮದು ಸಸ್ಯಾಹಾರಿ ಮನೆ, ಅಲ್ಲೇ ಕಷ್ಟ. ಪನೀರು 100 ಗ್ರಾಮಿಗೆ 18 ಗ್ರಾಂ, ಆದರೆ ಕೊಬ್ಬೂ ಉಂಟು. ಒಣ ಸೋಯಾ ಚಂಕ್ಸ್ 50 ಗ್ರಾಂ ನೆನೆಹಾಕಿದರೆ 26 ಗ್ರಾಂ. ನನ್ನ ಪ್ರಾಣ ಉಳಿಸಿದ್ದು ಅದೇ. ಮೊಳಕೆ ಹೆಸರು, ಕೆನೆ ತೆಗೆದ ಹಾಲಿನ ಮೊಸರು, ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪುಡಿ, ಹೀಗೆ ಅಲ್ಲಿಂದ ಇಲ್ಲಿಂದ ಕೂಡಿಸಬೇಕು.

ಐದನೆಯದು: ಮದ್ದಿನ ಚೀಲ ತೆರೆದು ತೋರಿಸಿ

ಇದನ್ನು ದಯವಿಟ್ಟು ಬಿಡಬೇಡಿ. ಎರಡು ಕಾರಣ ಉಂಟು.

ಒಂದು, ಕೆಲವು ಮದ್ದುಗಳು ತೂಕ ಇಳಿಯಲು ಬಿಡುವುದಿಲ್ಲ. ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಮಾತ್ರೆ, ಪಿಯೋಗ್ಲಿಟಜೋನ್ (ಈ ಮೂರೂ ಸಕ್ಕರೆ ಕಾಯಿಲೆಯವು), ಸ್ಟೀರಾಯ್ಡ್, ಮನೋರೋಗ ಮತ್ತು ಫಿಟ್ಸಿನ ಕೆಲವು ಮಾತ್ರೆಗಳು. ಥೈರಾಯ್ಡ್ ಕಡಿಮೆ ಇದ್ದರೂ ಹಾಗೇ. ಹಳೆ ಟಿಎಸ್‌ಎಚ್ ರಿಪೋರ್ಟ್ ಆರು ತಿಂಗಳ ಹಿಂದಿನದಾದರೆ ಹೊಸದು ಮಾಡಿಸಬೇಕಾ ಎಂದು ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಎರಡು, ಊಟ ಅರ್ಧವಾದಾಗ ಮದ್ದು ಹಿಂದಿನಷ್ಟೇ ಇದ್ದರೆ ಅಪಾಯ. ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಬಿಪಿ ಮಾತ್ರೆ ಜಾಸ್ತಿಯಾಗಿ ಎದ್ದು ನಿಂತಾಗ ತಲೆ ತಿರುಗಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳದ್ದು ಬೇರೆ ತರದ ಅಪಾಯ. ಊಟ ಕಡಿಮೆಯಾದಾಗ ಶುಗರ್ ಸರಿ ಇದ್ದೂ ರಕ್ತದಲ್ಲಿ ಆಮ್ಲ ಏರಬಹುದು. ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮೊದಲು ಇವನ್ನು ನಿಲ್ಲಿಸುತ್ತಾರೆ, ಪಥ್ಯ ಶುರುವಾಗುವಾಗಲೇ ನಿಲ್ಲಿಸಬೇಕಾಗಬಹುದು. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಜಠರ ಖಾಲಿಯಾಗುವುದು ಅದರಿಂದ ನಿಧಾನವಾಗುತ್ತದೆ.

ನೆರೆಮನೆಯ ಅಕ್ಕ ಕೊಟ್ಟ ಕಷಾಯದ ಪುಡಿಯನ್ನೂ ಆ ಚೀಲದಲ್ಲಿ ಹಾಕಿಕೊಂಡು ಹೋಗಿ. ಬೆಳ್ಳುಳ್ಳಿಯಂಥವುಗಳ ಮಾತ್ರೆ, ಕ್ಯಾಪ್ಸೂಲು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ಸಾರಿಗೆ ಹಾಕಿದ ನಾಲ್ಕು ಎಸಳಿಗೆ ಹೆದರಬೇಕಾಗಿಲ್ಲ.

ಆರನೆಯದು: ನಡೆಯಿರಿ, ಉಸಿರಾಡಿ, ಬೀಡಿ ಬಿಡಿ

ನಡೆದು ನಾಲ್ಕು ವಾರದಲ್ಲಿ ಕಿಲೋಗಟ್ಟಲೆ ಇಳಿಯುವುದಿಲ್ಲ. ಆದರೂ ನಡೆಯಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು, ಅರಿವಳಿಕೆ ತಾಳಿಕೊಳ್ಳಲು, ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುವಾಗ ಕಾಲು ಮಾತು ಕೇಳಲು. ನಮ್ಮ ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದು ಜಾರುತ್ತದೆ, ತೋಟದ ಮೆಟ್ಟಿಲಂತೂ ಕೇಳುವುದೇ ಬೇಡ. ನಾನು ಜಗಲಿಯಲ್ಲೇ ಆಚೆಗೊಮ್ಮೆ ಈಚೆಗೊಮ್ಮೆ ಹತ್ತು ನಿಮಿಷ, ದಿನಕ್ಕೆ ಮೂರು ಸಲ ನಡೆದೆ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತು ಕಾಲು ಎತ್ತಿ ಇಳಿಸಿ.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ, ಸ್ಪೈರೋಮೀಟರ್. ಅದರ ಕೊಳವೆಯಲ್ಲಿ ಊದುವುದಲ್ಲ, ನಿಧಾನವಾಗಿ ಉಸಿರು ಒಳಗೆ ಎಳೆಯುವುದು. ನಾನು ಎರಡು ದಿನ ಊದಿ ಊದಿ ಚೆಂಡು ಯಾಕೆ ಏಳುವುದಿಲ್ಲ ಎಂದು ಬೈಯುತ್ತಿದ್ದೆ. ಮಗ ನೋಡಿ ನಕ್ಕ. ಮೊದಲ ವಾರ ಒಂದೇ ಚೆಂಡು ಎದ್ದಿತು, ನಾಲ್ಕನೇ ವಾರ ಎರಡು ಮೇಲೆ ನಿಂತು ಮೂರನೆಯದು ಅಲುಗುತ್ತಿತ್ತು. ತೂಕ ನಿಂತಿದ್ದ ದಿನಗಳಲ್ಲಿ ನನಗೆ ಮುಂದೆ ಹೋಗುತ್ತಿದ್ದೇನೆ ಅನ್ನಿಸಿದ್ದು ಈ ಚೆಂಡುಗಳಿಂದಲೇ.

ಬೀಡಿ, ಸಿಗರೇಟು ಸೇದುವವರು ಈಗಲೇ ಬಿಡಿ. ಕನಿಷ್ಠ ಆರು ವಾರ ಮೊದಲು ಬಿಟ್ಟಿರಬೇಕು ಎನ್ನುತ್ತಾರೆ. ಹೊಲಿಗೆ ಹಾಕಿದ ಜಾಗ ಮಾಯಲು, ಶ್ವಾಸಕೋಶಕ್ಕೆ, ಎರಡಕ್ಕೂ ಅದು ವೈರಿ. ರಾತ್ರಿ ಗೊರಕೆ ಜೋರಿದ್ದು ನಡುನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದ್ದರೆ ಡಾಕ್ಟರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಮೆಷಿನ್ ಕೊಟ್ಟಿದ್ದರೆ ದಿನಾ ಹಾಕಿ.

ಏಳನೆಯದು: ಜಂಬರದ ಊಟ ಮತ್ತು ಜನರ ಮಾತು

ನಾಲ್ಕು ವಾರದಲ್ಲಿ ನನಗೆ ಬಂದ ಕರೆಯೋಲೆ ಐದು. ಒಂದು ಮದುವೆ, ಒಂದು ಉಪನಯನ, ಎರಡು ಪೂಜೆ, ಒಂದು ಗೃಹಪ್ರವೇಶ. ನಮ್ಮಲ್ಲಿ ಊಟಕ್ಕೆ ಕೂತವರನ್ನು ಸುಮ್ನೆ ಬಿಡುವ ಪದ್ಧತಿ ಇಲ್ಲ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಬಡಿಸುತ್ತಾರೆ. ನಾನು ಮೂರಕ್ಕೆ ಹೋಗಲೇ ಇಲ್ಲ. ಎರಡಕ್ಕೆ ಮನೆಯಲ್ಲಿ ಉಂಡು, ಊಟ ಮುಗಿಯುವ ಹೊತ್ತಿಗೆ ಹೋಗಿ ಮಜ್ಜಿಗೆ ಕುಡಿದು ಬಂದೆ. ಎಲೆಯ ಮುಂದೆ ಕೂತು ಗೆಲ್ಲುತ್ತೇನೆ ಎಂಬ ಪೌರುಷ ಬೇಡ. ಮಧೂರು ಗಣಪತಿ ದೇವಸ್ಥಾನದ ಸಿಹಿ ಅಪ್ಪದ ಪ್ರಸಾದ ಯಾರಾದರೂ ತಂದುಕೊಟ್ಟರೆ ಚಿಟಿಕೆಯಷ್ಟು ಕಣ್ಣಿಗೊತ್ತಿ ಬಾಯಿಗೆ ಹಾಕಿ, ಉಳಿದದ್ದು ಮಕ್ಕಳಿಗೆ.

ಎಷ್ಟು ಜನರಿಗೆ ವಿಷಯ ಹೇಳಬೇಕು ಎಂಬುದು ನಿಮಗೆ ಬಿಟ್ಟದ್ದು. ನಾನು ಹೇಳಿ ಸಿಕ್ಕಿಬಿದ್ದೆ. ಮೊದಲ ವಾರ ಮುಖ ಸ್ವಲ್ಪ ಇಳಿದಾಗ ಚಿಕ್ಕಮ್ಮ, "ಇಷ್ಟು ಇಳಿದಿದೆಯಲ್ಲ, ಮತ್ತೆ ಯಾಕೆ ಕೊಯ್ಸಿಕೊಳ್ಳುವುದು?" ಅಂದರು. ಮೂರನೇ ವಾರ ಅವರೇ, "ನಿನ್ನ ಕೈಯಲ್ಲಿ ಇಷ್ಟೂ ಆಗುದಿಲ್ವಾ?" ಅಂದರು. ಇಳಿದರೂ ಕಷ್ಟ, ಇಳಿಯದಿದ್ದರೂ ಕಷ್ಟ.

ಅವರಿಗೆ ಕೊಡಲಾಗದ ಉತ್ತರ ನಿಮಗಾದರೂ ಗೊತ್ತಿರಲಿ. ತೂಕ ಇಳಿಯತೊಡಗಿದರೆ ಶರೀರ ಅದನ್ನು ಬರಗಾಲ ಎಂದು ತಿಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಶರೀರ ಖರ್ಚು ಕಡಿಮೆ ಮಾಡುತ್ತದೆ. ಈ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಸರ್ಜರಿಯಲ್ಲಿ ಜಠರದ ಶೇ. 75-80 ಭಾಗ ತೆಗೆಯುವಾಗ ಆ ಭಾಗವೂ ಹೋಗುತ್ತದೆ. ಬರೀ ಪಥ್ಯದಿಂದ ಇಳಿಯದ ತೂಕಕ್ಕೇ ಈ ಆಪರೇಷನ್ ಇರುವುದು. ಪಥ್ಯದಿಂದ ಸಲೀಸಾಗಿ ಇಳಿಯುತ್ತಿದ್ದರೆ ನಾವು ಮಂಗಳೂರಿನ ಬಸ್ ಹತ್ತುತ್ತಲೇ ಇರಲಿಲ್ಲ, ಅಲ್ವಾ?

ಮಾಡಲೇಬಾರದ್ದು

ಕೊನೆಯ ವಾರ ಎಲ್ಲರಿಗೂ ದುರ್ಬುದ್ಧಿ ಬರುತ್ತದೆ. ನನಗೂ ಬಂತು. ಎರಡು ದಿನ ಬರೀ ನೀರು ಕುಡಿದು ಇದ್ದರೆ ಹೇಗೆ ಅಂತ. ಬೇಡ. ಸ್ನಾಯು ಕರಗುತ್ತದೆ, ಸುಸ್ತಾಗುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಆಸ್ಪತ್ರೆಗೆ ಬೇರೆ ಕಾರಣಕ್ಕೆ ಸೇರಬೇಕಾಗುತ್ತದೆ. ಭೇದಿಯ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ನುಂಗಿ ತೂಕ ಇಳಿಸುವುದು ಮೆಷಿನಿಗೆ ಮಾಡುವ ಮೋಸ. ಹೋಗುವುದು ನೀರು, ಲಿವರ್ ಅಲ್ಲ. ನೀರಿಲ್ಲದ ಶರೀರದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕಿಡ್ನಿಗೂ ಪೆಟ್ಟು. ಹಾಗೆಯೇ ಪಥ್ಯ ಶುರುವಾಗುವ ಹಿಂದಿನ ವಾರ "ಇನ್ನು ತಿನ್ನಲಿಕ್ಕಿಲ್ಲ" ಎಂದು ಹೋಳಿಗೆ, ಕೋರಿರೊಟ್ಟಿ ಹೊಡೆಯುವ ವಿದಾಯ ಸಮಾರಂಭವೂ ಬೇಡ. ಪಥ್ಯದ ಮೊದಲ ವಾರ ಅದನ್ನು ಕರಗಿಸುವುದರಲ್ಲೇ ಹೋಗುತ್ತದೆ.

ಸುಳ್ಳು ಬರೆಯಬೇಡಿ. ಪಥ್ಯ ತಪ್ಪಿದ್ದರೆ ತಪ್ಪಿದೆ ಎನ್ನಿ. ಒಳಗೆ ಲಿವರ್ ದೊಡ್ಡದಾಗಿಯೇ ಇದೆ ಎಂದು ಸರ್ಜನ್ನಿಗೆ ಗೊತ್ತಾಗುವುದು ಟೇಬಲ್ಲಿನ ಮೇಲೆ ಆಗಬಾರದು. ಎರಡು ವಾರ ಮುಂದೂಡಿದರೆ ಆಕಾಶ ಬೀಳುವುದಿಲ್ಲ.

ಕೆಲವಕ್ಕೆ ಮುಂದಿನ ಭೇಟಿಗೆ ಕಾಯದೆ ಅಂದೇ ಫೋನ್ ಮಾಡಿ: ಶುಗರ್ 70ಕ್ಕಿಂತ ಕೆಳಗೆ ಬಿದ್ದರೆ, ವಾಂತಿ ನಿಲ್ಲದಿದ್ದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುವ ನೋವು ಬಂದರೆ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಎದೆನೋವು ಬಂದರೆ, ಉಸಿರು ಕಟ್ಟಿದರೆ ಫೋನೂ ಬೇಡ, ಹತ್ತಿರದ ಆಸ್ಪತ್ರೆಗೇ ಓಡಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಅಷ್ಟು ದೂರ ಹೋಗಿ ನಮ್ಮ ಡಾಕ್ಟರನ್ನೇ ನೋಡುತ್ತೇನೆ ಎಂದು ಕೂರಬೇಡಿ.

ಕೊನೆಯ ಭೇಟಿ

ನಾಲ್ಕನೇ ವಾರ ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹೋಯಿತು. ಬೇರೆ ಏನೂ ಬದಲಾಯಿಸಲಿಲ್ಲ. ಸೋಮವಾರ ಮೆಷಿನಿನಲ್ಲಿ 108.2. ಒಟ್ಟು 3.8 ಕಿಲೋ. ಐದಕ್ಕೆ ಇನ್ನೂ 1.2 ಬಾಕಿ. ನೋಟ್‌ಬುಕ್ಕು, ಟೇಪಿನ ಲೆಕ್ಕ, ಶುಗರ್ ಬರೆದ ಹಾಳೆ ಎಲ್ಲ ಹಿಡಿದುಕೊಂಡು ಹೋದೆ. ಸರ್ಜನ್ ತೂಕದ ಅಂಕಿಯನ್ನು ಒಮ್ಮೆ ನೋಡಿ ಬದಿಗಿಟ್ಟು, ನೋಟ್‌ಬುಕ್ಕಿನ ಪುಟಗಳನ್ನು ತಿರುಗಿಸಿದರು. ಶುಗರ್ ನೋಡಿದರು. "ಉಪ್ಪುಸೊಳೆ ಅಂದ್ರೆ ಎಂತ?" ಎಂದು ಕೇಳಿದರು. ಅವರು ಘಟ್ಟದ ಮೇಲಿನವರು. ಹೇಳಿದೆ. ದಿನ ಬದಲಾಯಿಸಲಿಲ್ಲ.

ಹೊರಡುವಾಗ ಚೀಲಕ್ಕೆ ಹಾಕಬೇಕಾದ್ದು: ಎಲ್ಲ ರಿಪೋರ್ಟಿನ ಮೂಲಪ್ರತಿ ಮತ್ತು ಒಂದು ಜೆರಾಕ್ಸ್, ಆಧಾರ್, ಪಾಲಿಸಿ ಕಾರ್ಡು, ಮದ್ದಿನ ಪಟ್ಟಿ, ಸಿಪ್ಯಾಪ್ ಇದ್ದರೆ ಅದು, ಸ್ಪೈರೋಮೀಟರ್, ಮುಂದಿನಿಂದ ಗುಂಡಿ ಇರುವ ಸಡಿಲ ನೈಟಿ. ರಿಪೋರ್ಟುಗಳ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದನ್ನು ಕಂಡ ನಮ್ಮ ಊರಿನವರಿಗೆ, ಕಾಗದ ಆಚೆ ಮಂಗಳೂರಿನಲ್ಲಿ ಮಾತ್ರ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ರಾತ್ರಿ ಎಷ್ಟು ಗಂಟೆಯ ನಂತರ ತಿನ್ನಬಾರದು, ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು, ಬೆಳಗ್ಗಿನ ಯಾವ ಮಾತ್ರೆ ನುಂಗಬೇಕು ಎಂಬುದನ್ನು ಬಾಯಿಮಾತಲ್ಲಿ ಬಿಡದೆ ಬರೆಸಿಕೊಳ್ಳಿ.

ಎಚ್ಚರವಾದ ಮರುದಿನ ರೌಂಡ್ಸಿಗೆ ಬಂದ ಸರ್ಜನ್‌ಗೆ ನಾನು ಕೇಳಿದ ಮೊದಲ ಪ್ರಶ್ನೆ ಲಿವರಿನದ್ದೇ. "ಮೆತ್ತಗಿತ್ತು. ಎತ್ತಿದ ಕೂಡಲೇ ಎದ್ದಿತು" ಎಂದು ಹೇಳಿ, ಸ್ಪೈರೋಮೀಟರ್ ಕೈಗೆ ಕೊಟ್ಟು ಹೋದರು.